ಮಡಚಿದ ರೊಟ್ಟಿ

ಇದನ್ನು ಹೇಳಲು ನಾನು ನನ್ನ ಹೆಂಡತಿ ಸಾಯುವವರೆಗೆ ಕಾದೆ. ಹೀಗೆ ಬರೆದರೆ ಓದುವವರಿಗೆ ಅಸಹ್ಯವಾಗಬಹುದು. ಬೇರೆ ರೀತಿ ಬರೆದರೆ ಅದು ಸುಳ್ಳಾಗುತ್ತದೆ. ಮಕ್ಕಳು ಸಣ್ಣವರಿದ್ದಾರೆ ಎಂದು ಕೆಲವು ವರ್ಷ ಮುಂದೂಡಿದೆ, ಅವರ ಮದುವೆಗಳಾಗಲಿ ಎಂದು ಇನ್ನು ಕೆಲವು ವರ್ಷ. ಎಲ್ಲ ಆದ ಮೇಲೂ ಅವಳ ಮುಂದೆ ಬಾಯಿ ಬಿಡಲಾಗಲಿಲ್ಲ. ಈಗ ಅವಳಿಲ್ಲ. ನೆಪವೂ ಇಲ್ಲ.

ಮೊನ್ನೆ ಗೋಕಾಕದಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ನಿವೃತ್ತ ಶಿಕ್ಷಕರಿಗೆ ಶಾಲು ಹೊದಿಸಿದರು. ನನಗೂ ಹೊದಿಸಿದರು. ಮೈಕಿನ ಮುಂದೆ ನಿಂತವನೊಬ್ಬ, “ನಮ್ಮ ಮಾಸ್ತರ ಬಾಯಾಗ ಜೀವಮಾನದಾಗ ಒಂದ ಸುಳ್ಳ ಬಂದದ್ದ ನಾವ್ ಕೇಳಿಲ್ರಿ” ಎಂದ. ಮಂದಿ ಚಪ್ಪಾಳೆ ತಟ್ಟಿದರು. ಆ ಶಾಲು ನನ್ನ ಕೊರಳಿಗೆ ಹಗ್ಗದ ಹಾಗೆ ಬಿತ್ತು. ಇನ್ನೊಬ್ಬ ಎದ್ದು ಹಿಂದಿನ ಕಾಲದಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರು ಎಷ್ಟು ಹೊಂದಿಕೊಂಡು ಬಾಳುತ್ತಿದ್ದರು ಎಂದು ವರ್ಣಿಸಿದ. ನನಗೆ ಸಿಟ್ಟು ಬಂತು. ನಾನು ಆ ಕಾಲದಲ್ಲೇ ಇದ್ದೆ. ಆ ಹೊಂದಾಣಿಕೆಯನ್ನು ಯಾರು ಕಟ್ಟಿದ್ದರು, ಯಾರು ಒದ್ದು ಬೀಳಿಸಿದರು ಎಂಬುದು ನನಗೆ ಗೊತ್ತು. ಕಟ್ಟಿದವರ ಬಗ್ಗೆ ಬರೆಯುತ್ತೇನೆ. ಒದ್ದವನು ನಾನು.

ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ಟಾಂಗಾ ಹೊಡೆಯುತ್ತಿದ್ದರು. ಘಟಪ್ರಭಾ ಸ್ಟೇಷನ್ನಿನಿಂದ ಗೋಕಾಕಕ್ಕೆ ಮಂದಿಯನ್ನು ತರುವುದು, ಒಯ್ಯುವುದು. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ನಾನು ಕುಲಗೋಡದ ಕಡೆಯ ಲಿಂಗವಂತರ ಮನೆಯ ಹುಡುಗ. ಮ್ಯಾಟ್ರಿಕ್ ಮುಗಿಸಿ ಗೋಕಾಕದ ಕನ್ನಡ ಸಾಲೆಯಲ್ಲಿ ಮಾಸ್ತರಿಕೆ ಹಿಡಿದು, ಒಬ್ಬ ಸಾಹುಕಾರರ ಚಾಳಿನಲ್ಲಿ ಖೋಲಿ ಮಾಡಿಕೊಂಡಿದ್ದೆ. ಸಾಲಾಗಿ ಖೋಲಿಗಳು, ಮುಂದೆ ಎಲ್ಲರಿಗೂ ಕೂಡಿದ ಒಂದು ಅಂಗಳ, ಅಂಗಳದ ತುದಿಗೆ ಚಾಚಾರ ಖೋಲಿ, ಅದರ ಬಾಜೂ ಕುದುರೆಯ ತಗಡಿನ ಚಪ್ಪರ.

ಎತ್ತರದ ಮನುಷ್ಯ. ಟಾಂಗಾದಿಂದ ಇಳಿದ ಮೇಲೂ ಲಗಾಮು ಹಿಡಿದವರ ಹಾಗೆ ಎರಡೂ ಕೈ ಮುಂದೆ ಮಾಡಿ ನಡೆಯುತ್ತಿದ್ದರು. ಚಾಬೂಕು ಇತ್ತು, ಆದರೆ ಕುದುರೆಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಗಾಲಿಯ ಅರಗಳಿಗೆ ಅದರ ಹಿಡಿಕೆ ತಾಗಿಸಿ ಟರ್ರ್ ಎನ್ನಿಸುತ್ತಿದ್ದರು, ಅಷ್ಟೇ. ಕುದುರೆಯ ಹೆಸರು ಬಿಜಲಿ. ಅದರಷ್ಟು ನಿಧಾನದ ಪ್ರಾಣಿ ಇಡೀ ತಾಲೂಕಿನಲ್ಲಿ ಇರಲಿಲ್ಲ.

“ಚಾಚಾ, ಇದಕ್ಕ ಬಿಜಲಿ ಅಂತ ಯಾಕ ಇಟ್ರಿ?” ಎಂದು ನಾನು ಒಮ್ಮೆ ಕೇಳಿದೆ.

“ಹೆಸರ ಇಟ್ಟಾಗ ಅದು ಸಣ್ಣದಿತ್ತ್ರಿ ಮಾಸ್ತರ. ನನಗೇನ ಗೊತ್ತು?”

ಅವರಲ್ಲಿ ಒಂದು ವಿಚಿತ್ರ ಗುಣವಿತ್ತು. ತಮಗೆ ನಷ್ಟವಾಗುವ ಮಾತನ್ನು ಕೇಳುವ ಮೊದಲೇ ಹೇಳಿಬಿಡುತ್ತಿದ್ದರು. ಯಾರಾದರೂ ಟಾಂಗಾ ಹತ್ತಲು ಕಾಲಿಟ್ಟರೆ, “ಕುದರಿ ಎಡಗಾಲ ಹಿಡೀತೈತ್ರಿ. ಅವಸರ ಇದ್ರ ಹಿಂದಿನ ಟಾಂಗಾ ನೋಡ್ರಿ” ಎನ್ನುವರು. ಸ್ಟೇಷನ್ನಿಗೆ ಹೊರಟವರಿಗೆ, “ಗಾಡಿ ಸಿಗೂದು ಕಠಿಣ ಐತಿ, ಮನೀಗ್ ಹೋಗಿ ಊಟ ಮಾಡ್ರಿ” ಎಂದು ತಿರುಗಿ ಕಳಿಸುವರು. ಅಡ್ಡಾದ ಮೇಲಿನ ಉಳಿದ ಟಾಂಗಾದವರು ನಗುತ್ತಿದ್ದರು.

“ಚಾಚಾ, ನಿಮ್ಮ ಬಾಯಿ ಹೊಲಸೇನ್ರಿ, ನಿಮ್ಮ ಹೊಟ್ಟಿಗೇ ಹೊಡೀತೈತಿ!”

“ಹೊಟ್ಟಿಗೆ ಹೊಡದ್ರ ನಾಳೆ ತುಂಬತೈತಿ. ಆಮ್ಯಾಲ ಒಬ್ಬಾಂವ ಬಂದು, ಯಾಕ ಹೇಳಲಿಲ್ಲೋ ಅಂದ್ರ ನಾ ಎಲ್ಲಿ ಮುಖಾ ಇಡ್ಲಿ?”

ಈ ಮಾತು ನೆನಪಿಟ್ಟುಕೊಳ್ಳಿ.

ಅವರ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಸಿಡುಬಿನಲ್ಲಿ ಹೋಗಿದ್ದವಂತೆ. ಆದರೂ ರೊಟ್ಟಿ ಬಡಿಯುವುದು ಚಾಚಿಯೇ. ಜೋಳದ ಹಿಟ್ಟಿನ ಉಂಡೆ ಕಲ್ಲಿನ ಮೇಲಿಟ್ಟು ತಟ್ಟುತ್ತಾ ತಟ್ಟುತ್ತಾ, ಸಪ್ಪಳ ಬದಲಾದ ಕೂಡಲೇ ತೆಳ್ಳಗಾಯಿತೆಂದು ತಿಳಿದು ಎತ್ತುತ್ತಿದ್ದರು. ಸಂತೆಯ ದಿನ ಸಂಜೆ ಅವರ ಮನೆಯಲ್ಲಿ ಖೀಮಾ ಆಗುತ್ತಿತ್ತು. ಅದು ಚಾಚಾರ ಕೆಲಸ. ದನದ ಮಾಂಸ ತಂದು, ಹುಣಸೆ ಮರದ ತುಂಡಿನ ಮೇಲಿಟ್ಟು, ಎರಡು ಕೈಯಲ್ಲಿ ಎರಡು ಚೂರಿ ಹಿಡಿದು ಕಡಿಯುವರು. ಆ ಸಪ್ಪಳಕ್ಕೆ ಬಿಜಲಿ ಕಿವಿ ನೆಟ್ಟಗೆ ಮಾಡುತ್ತಿತ್ತು. ಕೊತ್ತಂಬರಿ ಬೀಜ, ನಮ್ಮ ಮಾತಿನಲ್ಲಿ ಹವೀಜ, ಜೀರಿಗೆ, ಲವಂಗ, ಒಣಕೊಬ್ಬರಿ ಹುರಿದು ಕುಟ್ಟುವುದು, ಬಳ್ಳೊಳ್ಳಿ ಜಜ್ಜುವುದು, ಉಳ್ಳಾಗಡ್ಡಿ ಕೆಂಪಗಾಗುವವರೆಗೆ ಹುರಿದು ಅದರಲ್ಲಿ ಮಾಂಸ ಹಾಕಿ, ಕೆಂಪು ಖಾರ ಹಾಕಿ, ನೀರೆಲ್ಲ ಹೋಗಿ ಎಣ್ಣೆ ಬಿಡುವ ತನಕ ಕಲಸುತ್ತ ಕೂಡುವುದು.

“ತಡೀಬೇಕ್ರಿ” ಎನ್ನುವರು. “ನೀರ ಉಳೀತಂದ್ರ ರೊಟ್ಟಿ ಮೆತ್ತಗಾಗಿ ಮಾರಿ ಕೆಡಸ್ತೈತಿ.”

ರೊಟ್ಟಿಯ ವಿಷಯಕ್ಕೆ ಬಂದೆ. ಒಲೆಯ ಮೇಲೆ ಒಂದು ಬಿದಿರು ಕೋಲನ್ನು ಅಡ್ಡ ಕಟ್ಟಿದ್ದರು. ಹಂಚಿನಿಂದ ತೆಗೆದ ರೊಟ್ಟಿ ಬಿಸಿಯಾಗಿ ಬಾಗುವಾಗಲೇ ಅದನ್ನು ಆ ಕೋಲಿಗೆ ನೇತುಹಾಕುವರು. ಒಲೆಯ ಝಳಕ್ಕೆ ಅದು ಹಾಗೆಯೇ ಅರ್ಧಚಂದ್ರವಾಗಿ, ಕಟಕಟಿಯಾಗಿ ನಿಲ್ಲುತ್ತಿತ್ತು. ಆ ಬಾಯಿಯೊಳಗೆ ಖೀಮಾ ತುಂಬಿ, ಮೇಲೆ ಹಸಿ ಹಕ್ಕರಕಿ ಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ, ಲಿಂಬೆ ಹಿಂಡಿ, ಒಂದು ಚಿಟಿಕೆ ಗುರೆಳ್ಳಿನ ಪುಡಿ ಉದುರಿಸಿ ಕೈಯಲ್ಲಿಡುವರು. ತಾಟು ಬೇಡ. ಕಡಿದರೆ ಕರುಕ್ ಎನ್ನುತ್ತಿತ್ತು.

ಹೀಗೆ ಮಡಚುವುದು ರುಚಿಗಾಗಿ ಶುರುವಾದದ್ದಲ್ಲ. ಸಂತೆಗೆ ಬಂದವರು, ಕುರಿಯವರು, ಗಾಡಿಯವರು ಚಾಚಾರ ಮನೆಯಲ್ಲಿ ರೊಟ್ಟಿ ಕೇಳುತ್ತಿದ್ದರು. ದನದ ಮಾಂಸ ತಿನ್ನದವರಿಗೆ ರೊಟ್ಟಿಯ ಜೊತೆ ಬರೀ ಚಟ್ನಿಪುಡಿಯ ಹಿಂಡಿ, ಬೆಲ್ಲ. ಕಣ್ಣಿಲ್ಲದ ಚಾಚಿ ಕೈತಪ್ಪಿ ಒಬ್ಬರದು ಒಬ್ಬರಿಗೆ ಕೊಟ್ಟರೆ? ಅದಕ್ಕಾಗಿ ಗಂಡ ಹೆಂಡತಿ ಒಂದು ಕಟ್ಟು ಮಾಡಿಕೊಂಡಿದ್ದರು. ಮಡಚಿದ್ದು ದೊಡ್ಡ ಮಾಂಸದ್ದು, ಅಂದರೆ ದನದ್ದು. ದುಂಡಗಿದ್ದುದು ಯಾರು ಬೇಕಾದರೂ ತಿನ್ನುವಂಥದ್ದು. ಚಾಚಿಯ ಬೆರಳಿಗೆ ಮಡಿಕೆ ತಾಗಿದರೆ ಸಾಕು, “ಇದು ದೊಡ್ಡದ್ರದು ಐತ್ರಿ, ನಿಮಗ ನಡೀತೈತೇನು?” ಎಂದು ಕೇಳಿಯೇ ಕೊಡುವರು.

ಚಾಳಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ತಾಯಂದಿರು ಮಕ್ಕಳಿಗೆ ಹೇಳಿಯೇ ಕಳಿಸುತ್ತಿದ್ದರು. ಸ್ವತಃ ಸಾಹುಕಾರರು, ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತು, ಮೊಮ್ಮಗಳು ಚಾಚಿಯ ಕಡೆ ಓಡುವಾಗ ಕೂಗಿ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: “ದುಂಡಂದ ಇಸ್ಕೋ ಬೇ, ಮಡಚಿದ್ದ ಮುಟ್ಟಬ್ಯಾಡ!”

ಇಷ್ಟು ನೆಮ್ಮದಿಯಾಗಿ ಒಂದು ಅಂಗಳದಲ್ಲಿ ಬಾಳುವುದಕ್ಕೆ ಬೇಕಾದ ಏರ್ಪಾಟನ್ನು ಆ ಇಬ್ಬರು ಮಾಡಿಕೊಂಡಿದ್ದರು. ಯಾವ ಭಾಷಣವೂ ಇಲ್ಲದೆ. ಮೈಕಿನ ಮುಂದೆ ನಿಂತು ಹೊಂದಾಣಿಕೆಯ ಮಾತಾಡಿದವನಿಗೆ ಇದು ಗೊತ್ತಿರಲಿ.

ನನ್ನ ಊಟ ಖಾನಾವಳಿಯಲ್ಲಿ. ನೀರಿನಂಥ ಸಾರು. ಸಂಜೆ ಮನೆಗೆ ಬಂದರೆ ಅಂಗಳದ ತುಂಬ ಆ ಹುರಿದ ಹವೀಜದ ವಾಸನೆ. ನಾನು ಕುದುರೆಯ ಚಪ್ಪರದ ಹತ್ತಿರ ಹೋಗಿ ಕೂಡುತ್ತಿದ್ದೆ, ಮಾತಾಡುವ ನೆಪದಲ್ಲಿ. ನನಗೆ ಆಗ ದೊಡ್ಡ ದೊಡ್ಡ ಮಾತುಗಳು ಬರುತ್ತಿದ್ದವು. ಖಾದಿ ಹಾಕುತ್ತಿದ್ದೆ. ಬಸವಣ್ಣನ ಮಾರ್ಗದಲ್ಲಿ ಮೇಲು ಕೀಳು ಎಲ್ಲಿದೆ ಎಂದು ಚಾಚಾರಿಗೆ ಪಾಠ ಹೇಳುತ್ತಿದ್ದೆ. ಅವರು ಖೀಮಾ ಕಲಸುತ್ತ ಹೂಂ ಎನ್ನುತ್ತಿದ್ದರು. ಒಂದು ದಿನ ತಡೆಯಲಾರದೆ, “ನನಗೂ ಒಂದ ಕೊಡ್ರಿ” ಎಂದೆ.

ಅವರು ಸೌಟು ಕೆಳಗಿಟ್ಟರು. “ಮಾಸ್ತರ, ಇದು ದೊಡ್ಡದು.”

“ಗೊತ್ತೈತಿ.”

“ದನದ್ದು. ಕುರಿದಲ್ಲ.”

“ಗೊತ್ತೈತಿ ಅಂದೆನಲ್ಲ.”

“ನಿಮ್ಮ ಕೊರಳಾಗ ಲಿಂಗ ಐತಿ. ನಿಮ್ಮ ಅವ್ವ ಕುಲಗೋಡದಾಗ ಅದಾಳ. ನನ್ನ ಕೈಲೆ ಇದನ್ನ ಮಾಡಸಬ್ಯಾಡ್ರಿ. ದುಂಡಂದು ತಿನ್ರಿ, ಬೆಲ್ಲಾ ಕೊಡ್ತೀನಿ.”

ನಾನು ನಕ್ಕೆ. “ಚಾಚಾ, ನೀವೂ ಹಳೇ ಮಂದಿ ಹಂಗ ಮಾತಾಡ್ತೀರಲ್ಲ” ಎಂದೆ. ಕೊನೆಗೆ ಚಾಚಿಯೇ ಕೋಲಿನಿಂದ ಒಂದನ್ನು ತೆಗೆದು, ಮಡಿಕೆಯ ಮೇಲೆ ಬೆರಳಾಡಿಸಿ, “ಇದು ಮಡಚಿದ್ದ ಐತಪಾ” ಎಂದು ಇನ್ನೊಮ್ಮೆ ಹೇಳಿ ಗಂಡನ ಕೈಗೆ ಕೊಟ್ಟರು. ಅವರು ತುಂಬಿಕೊಟ್ಟರು. ನಾನು ತಿಂದೆ. ಬಹಳ ರುಚಿಯಾಗಿತ್ತು. ಇದನ್ನು ಮುಚ್ಚಿಟ್ಟು ಕಣ್ಣೀರು ಸುರಿಸುವ ಮುದುಕರಲ್ಲಿ ನಾನೊಬ್ಬನಾಗಲಾರೆ. ರುಚಿಯಾಗಿತ್ತು, ಇನ್ನೊಂದನ್ನು ಕೇಳಿ ತಿಂದೆ, ಮುಂದಿನ ಸಂತೆಗೂ ಹೋದೆ, ಅದರ ಮುಂದಿನದಕ್ಕೂ. ತಿಂದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನನ್ನ ಪಾಪ ಹೊಟ್ಟೆಯದಲ್ಲ, ನಾಲಗೆಯದು.

ಆ ವರ್ಷ ಸಾಹುಕಾರರು ಮುಂದಾಗಿ ನನಗೆ ಹುಕ್ಕೇರಿಯ ಒಂದು ಹೆಣ್ಣು ನೋಡಿದರು. ಒಳ್ಳೆಯ ಮನೆತನ. ಮಾತು ಗಟ್ಟಿಯಾಗಿ, ಹುಡುಗಿಯ ತಂದೆ ವರನನ್ನು ನೋಡಲು ಗೋಕಾಕಕ್ಕೆ ಬಂದರು. ಅವರು ಬಂದ ದಿನವೇ ನನ್ನ ಬಾಜೂ ಖೋಲಿಯ ಗುಮಾಸ್ತ, ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು, ಅವರ ಕಿವಿಗೆ ಊದಿದ: ಮಾಸ್ತರ ಚಾಚಾರ ಮನೆಯಲ್ಲಿ ದನದ ಮಾಂಸ ತಿನ್ನುತ್ತಾನೆ. ಅವನಿಗೇನು ಧರ್ಮದ ಚಿಂತೆ ಇರಲಿಲ್ಲ. ಆ ಹೆಣ್ಣನ್ನು ತನ್ನ ತಮ್ಮನಿಗೆ ತರುವ ಆಸೆ ಇತ್ತು.

ಸಾಹುಕಾರರ ಪಡಸಾಲೆಯಲ್ಲಿ ನನ್ನನ್ನು ನಿಲ್ಲಿಸಿದರು. ಸಾಹುಕಾರರು ಗಾದಿಯ ಮೇಲೆ, ಹುಕ್ಕೇರಿಯವರು ಲೋಡಿಗೆ ಒರಗದೆ ನೆಟ್ಟಗೆ, ಗುಮಾಸ್ತ ಬಾಗಿಲಿಗೆ. ಚಾಳಿನ ಗಂಡಸರೆಲ್ಲ ಕಟ್ಟೆಯ ಮೇಲೆ.

“ತಿಂದದ್ದು ಖರೆ ಏನೋ?” ಎಂದರು ಸಾಹುಕಾರರು.

ಇಲ್ಲ ಎನ್ನುವ ಹಾಗಿರಲಿಲ್ಲ. ಗುಮಾಸ್ತ ಕಣ್ಣಾರೆ ಕಂಡಿದ್ದ. ಹೌದು ಎಂದರೆ ಮದುವೆ ಹೋಯಿತು, ಕುಲಗೋಡದ ಮನೆಯ ಬಾಗಿಲು ಹೋಯಿತು. ಎಲ್ಲಿ ಹೋದವು ಆಗ ನನ್ನ ಖಾದಿ, ನನ್ನ ಬಸವಣ್ಣ? ನನ್ನ ಬಾಯಿಂದ ಬಂದ ಮಾತು ಇದು:

“ತಿಂದೆ. ಆದ್ರ ನನಗ ಗೊತ್ತಿದ್ದಿಲ್ರಿ. ಝುಣಕಾ ಐತಿ ಅಂತ ಹೇಳಿ ಕೊಟ್ಟ ಅಂವ.”

ಝುಣಕ! ಕಡಲೆ ಹಿಟ್ಟಿನದು, ಪುಡಿಪುಡಿಯಾಗಿರುವುದು, ನಮ್ಮಲ್ಲಿ ಎಳೆಯ ಮಕ್ಕಳಿಗೂ ಬಾಯಿಪಾಠವಾದ ರುಚಿ. ಖೀಮಾವನ್ನು ಝುಣಕವೆಂದು ತಿಂದೆ ಎಂದರೆ ಕುದುರೆ ಕೂಡ ನಂಬುತ್ತಿರಲಿಲ್ಲ. ಆದರೆ ಆ ಪಡಸಾಲೆಯಲ್ಲಿ ಎಲ್ಲರೂ ಉಸಿರು ಬಿಟ್ಟರು. ಸಾಹುಕಾರರ ಮುಖ ಅರಳಿತು. ಅವರು ನೋಡಿದ ಸಂಬಂಧ, ಅವರ ಮಾತು ಉಳಿಯಿತಲ್ಲ.

“ಹಂಗ ಹೇಳ ಮತ್ತ! ಮೋಸಾ ಮಾಡಿ ತಿನ್ನಸ್ಯಾನ! ಕರೀರಿ ಅವನ್ನ.”

ಚಾಚಾ ಬಂದರು. ಚಾಬೂಕನ್ನು ಹೊರಗಿಟ್ಟು, ಒಳಗೆ ಬಂದು ನಿಂತರು. ಸಾಹುಕಾರರು ನನ್ನ ಮಾತನ್ನು ಅವರಿಗೆ ಹೇಳಿದರು. ಚಾಚಾ ಅವರ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದರು.

“ಮಾಸ್ತರ, ನಾ ಹೇಳಿದ್ದಿಲ್ಲೇನ್ರಿ?”

ನಾನು ನೆಲ ನೋಡುತ್ತಿದ್ದೆ. ಸಿಟ್ಟಿನಿಂದ ಕೇಳಿದ್ದರೆ ನಾನೂ ಸಿಟ್ಟು ಮಾಡಬಹುದಿತ್ತು. ಅವರ ದನಿಯಲ್ಲಿ ಗಾಬರಿ ಇತ್ತು, ತಾವು ನಿಜವಾಗಿಯೂ ಹೇಳುವುದನ್ನು ಮರೆತಿದ್ದೆವೋ ಏನೋ ಎಂಬಂಥ ಗಾಬರಿ. ಆಮೇಲೆ ಸಾಹುಕಾರರಿಗೆ ಕೈಮುಗಿದು ಅಂದರು:

“ನಾ ಬ್ಯಾರೆ ಏನೂ ಹೇಳೂದಿಲ್ರಿ. ರೊಟ್ಟಿ ಮಡಚಿತ್ತೋ, ದುಂಡಗಿತ್ತೋ? ಅಷ್ಟ ಕೇಳ್ರಿ ಅವರಿಗೆ.”

ಹುಕ್ಕೇರಿಯವರೊಬ್ಬರನ್ನು ಬಿಟ್ಟರೆ ಉಳಿದವರಿಗೆಲ್ಲ ಆ ಪ್ರಶ್ನೆಯ ಅರ್ಥ ಗೊತ್ತಿತ್ತು. ದೂರು ತಂದ ಗುಮಾಸ್ತನಿಗೂ ಗೊತ್ತಿತ್ತು. ಕಟ್ಟೆಯ ಮೇಲಿನ ಒಬ್ಬೊಬ್ಬನೂ ಆ ಕೋಲಿನ ಮೇಲಿನ ರೊಟ್ಟಿಗಳನ್ನು ಪ್ರತಿ ಸಂತೆಗೆ ನೋಡಿದವನೇ. ಯಾರಾದರೂ ಒಬ್ಬ, ಒಬ್ಬನೇ ಒಬ್ಬ, “ಹೌದಲ್ಲ, ಕೇಳ್ರಿ” ಎಂದಿದ್ದರೆ ನಾನು ಅಲ್ಲಿಯೇ ಕುಸಿಯುತ್ತಿದ್ದೆ. ಒಳಗಿನ ಬಾಗಿಲಲ್ಲಿ ಸಾಹುಕಾರರ ಮೊಮ್ಮಗಳು ನಿಂತಿದ್ದಳು. ಅವಳು, “ಅಜ್ಜಾ, ಮಡಚಿದ್ದಂದ್ರ...” ಎಂದು ಬಾಯಿ ತೆಗೆದಳು.

“ಒಳಗ ಹೋಗಬೇ!” ಎಂದು ಸಾಹುಕಾರರು ಗದರಿದರು. ಆಮೇಲೆ ಚಾಚಾರಿಗೆ, “ರೊಟ್ಟಿ ಸುದ್ದಿ ಸಾಕ ಮಾಡು. ಖೋಲಿ ಬಿಡು” ಎಂದರು.

ಕುರುಡಿಯೊಬ್ಬಳು ಬೆರಳ ತುದಿಯಿಂದ ಕಾಣುತ್ತಿದ್ದುದನ್ನು, ಕಣ್ಣಿದ್ದ ಅಷ್ಟು ಗಂಡಸರು ಕೂಡಿ ಕುಳಿತು ಕಾಣಲೊಲ್ಲೆವು ಎಂದರು. ಅವರ ಮೇಲೆ ನನಗೆ ಇವತ್ತಿಗೂ ಕೆಂಡದಂಥ ಸಿಟ್ಟಿದೆ. ನನ್ನ ಸುಳ್ಳನ್ನು ಅವರು ನಂಬಲಿಲ್ಲ; ಬಳಸಿಕೊಂಡರು. ನನಗೆ ಶುದ್ಧಿ ಮಾಡಿಸಿ ಮತ್ತೆ ಲಿಂಗ ಕಟ್ಟಿಸಿದ ದಿನ ಹೋಳಿಗೆ ಊಟವಿತ್ತು. ಎಲ್ಲರೂ ಉಂಡರು. ಒಬ್ಬನ ಗಂಟಲಲ್ಲೂ ಹೋಳಿಗೆ ಸಿಕ್ಕಿಕೊಳ್ಳಲಿಲ್ಲ, ನನ್ನದರಲ್ಲೂ.

ಖೋಲಿ ಹೋಯಿತು ಅಂದರೆ ಬರೀ ಖೋಲಿ ಹೋಗಲಿಲ್ಲ. ಅಡ್ಡಾದ ಮೇಲೆ ಅವರ ಟಾಂಗಾಕ್ಕೆ ಮಂದಿ ಹತ್ತುವುದು ಬಿಟ್ಟರು. “ಏನ ಹೇಳಿ ಏನ ತಿನ್ನಸ್ತಾನೋ, ಎಲ್ಲಿ ಅಂತ ಹೇಳಿ ಎಲ್ಲಿ ಒಯ್ತಾನೋ” ಎಂದು ನಗೆಯಾಡಿದರು. ಕುದುರೆಯ ಕಾಲಿನ ಕುಂಟನ್ನು ಕೂಡ ಮುಚ್ಚಿಡದ ಮನುಷ್ಯನ ಬಗ್ಗೆ!

ಅವರು ಚಾಳು ಬಿಟ್ಟ ಬೆಳಿಗ್ಗೆ ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ಟಾಂಗಾದಲ್ಲಿ ಹಂಚು, ರೊಟ್ಟಿಯ ಕಲ್ಲು, ಹುಣಸೆ ತುಂಡು, ಒಂದು ಗಂಟು. ಬಿದಿರು ಕೋಲನ್ನು ಚಾಚಿ ತೊಡೆಯ ಮೇಲೆ ಅಡ್ಡ ಹಿಡಿದು ಕೂತಿದ್ದರು. ನನ್ನ ಕಾಲಿನ ಕೆಳಗೆ ಏನೋ ಸಪ್ಪಳವಾಯಿತು. ಚಾಚಿ ತಲೆ ತಿರುಗಿಸಿದರು.

“ಯಾರದು? ಮಾಸ್ತರೇನು?”

ನಾನು ಉಸಿರು ಹಿಡಿದೆ. ಚಾಚಾ ನನ್ನನ್ನು ನೋಡಿದರು. ಲಗಾಮು ಎಳೆದುಕೊಂಡರು.

“ಯಾರೂ ಇಲ್ಲ” ಎಂದರು.

ಅವರ ಬಾಯಿಂದ ನಾನು ಕೇಳಿದ ಒಂದೇ ಸುಳ್ಳು ಅದು. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ, ಅದೂ ಸುಳ್ಳಾಗಿರಲಿಲ್ಲ.

ಮುಂದೆ ನನಗೆ ಮೂಡಲಗಿಗೆ ಬದಲಿಯಾಯಿತು. ಚಾಚಾ ಆ ಊರಿಗೇ ಬಂದು ನೆಲೆಸಿದ್ದರು. ಟಾಂಗಾ ಇರಲಿಲ್ಲ, ಸಂತೆಯಲ್ಲಿ ಹುಲ್ಲಿನ ಹೊರೆ ಮಾರುತ್ತಿದ್ದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮೊದಲ ಸಲ ಕಂಡಾಗ ಒಬ್ಬ ಗಿರಾಕಿಗೆ ಹೇಳುತ್ತಿದ್ದರು: “ಮ್ಯಾಲಿಂದ ಹಸರ ಐತ್ರಿ, ಒಳಗ ಸ್ವಲ್ಪ ಒಣಗೇತಿ. ನೋಡಿ ತಗೋರಿ.” ಆ ದನಿ ಕೇಳಿ ನಾನು ಬೇರೆ ಓಣಿ ಹಿಡಿದೆ. ಅಂದಿನಿಂದ ಸಂತೆಗೆ, ನಮ್ಮ ಆಕಳ ಹುಲ್ಲಿಗೆ ಕೂಡ, ಹೆಂಡತಿಯನ್ನೇ ಕಳಿಸಿದೆ. ಅವರ ಮನೆ ಎಲ್ಲಿದೆ ಎಂದು ಗೊತ್ತಿತ್ತು. ಆ ಊರಿನಲ್ಲಿ ಇದ್ದಷ್ಟು ವರ್ಷ ಒಮ್ಮೆಯೂ ಹೋಗಲಿಲ್ಲ. ಮಕ್ಕಳಿಗೆ ಖರೆ ಮಾತಾಡಬೇಕೆಂದು ಛಡಿ ಹಿಡಿದು ಕಲಿಸುತ್ತಿದ್ದೆ. ಒಂದು ದಿನ ಸಾಲೆಗೆ ಉರುವಲು ತಂದ ಗಾಡಿಯವನು ಮಾತಿನ ನಡುವೆ, ಹುಲ್ಲಿನ ಚಾಚಾ ತೀರಿಕೊಂಡರು ಎಂದ. ನಾನು ಕಟ್ಟಿಗೆಯ ಲೆಕ್ಕ ಕೇಳಿ ಕಳಿಸಿದೆ.

ಇನ್ನು ನನ್ನ ಹೆಂಡತಿ. ಹುಕ್ಕೇರಿಯ ಆ ಹೆಣ್ಣು. ಬಹಳ ಒಳ್ಳೆಯ ಅಡಿಗೆ ಅವಳದು. ಆದರೆ ನಮ್ಮ ಸಂಸಾರದಲ್ಲಿ ಒಂದು ದಿನವೂ ಅವಳು ಝುಣಕ ಮಾಡಲಿಲ್ಲ. ನಮ್ಮ ಕಡೆ ಅದಿಲ್ಲದ ಮನೆ ಇರುವುದಿಲ್ಲ. ಮಕ್ಕಳು ಬೇಡಿದರೆ, “ನಿಮ್ಮ ಅಪ್ಪಗ ಅದು ಸೇರೂದಿಲ್ಲ” ಎನ್ನುತ್ತಿದ್ದಳು. ನಾನು ಹಾಗೆ ಎಂದೂ ಹೇಳಿರಲಿಲ್ಲ. ಕೊನೆಯ ದಿನಗಳಲ್ಲಿ, ಹಾಸಿಗೆಯ ಹತ್ತಿರ ಕೂತಿದ್ದಾಗ, ಧೈರ್ಯ ಮಾಡಿ ಕೇಳಿದೆ: “ಯಾಕ ಮಾಡಲಿಲ್ಲ?”

ಅವಳು ಕಣ್ಣು ತೆರೆಯದೆಯೇ ಅಂದಳು: “ಸಂತ್ಯಾಗ ವಾರಾ ವಾರಾ ಆ ಚಾಚಾರ ಕಡೆನ ಹುಲ್ಲ ತರ್ತಿದ್ನಿ. ನೀವು ಅವರ ಮನೀಗ್ ಹೋಗ್ತೀರಿ ಹೋಗ್ತೀರಿ ಅಂತ ದಾರಿ ನೋಡಿದ್ನಿ.”

ಇಷ್ಟೇ. ಆಮೇಲೆ ಮೂರನೆಯ ದಿನ ಹೋದಳು.

ಆ ಪಡಸಾಲೆಯಲ್ಲಿ ನಾನು ಅವರನ್ನು ‘ಅಂವ’ ಎಂದೆ. ಅವರ ಮನೆಯ ಅನ್ನ ತಿಂದು, ಹೆಸರು ಹೇಳುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. ಚಾಳಿನವರಿಗೆ ಅವರು ಟಾಂಗಾದವ, ಮೂಡಲಗಿಯಲ್ಲಿ ಹುಲ್ಲಿನವ. ಈ ಬರಹದಲ್ಲೂ ಇಲ್ಲಿಯವರೆಗೆ ಚಾಚಾ ಎಂದೇ ಜಾರಿಕೊಂಡು ಬಂದಿದ್ದೇನೆ. ಶಾಲು ಹೊದಿಸಿದವರು ಓದಲಿ, ಆ ಕಟ್ಟೆಯ ಮೇಲೆ ಕೂತವರ ಮೊಮ್ಮಕ್ಕಳು ಓದಲಿ. ರೊಟ್ಟಿ ಮಡಚಿತ್ತು. ನನಗೆ ಗೊತ್ತಿತ್ತು. ಅವರು ಹೇಳಿದ್ದರು, ಮತ್ತೆ ಮತ್ತೆ ಹೇಳಿದ್ದರು. ಅವರ ಹೆಸರು ಮಕ್ತುಮಸಾಬ.